ಭೂಮಿ ಬಿಸಿಯಾಗೋದಕ್ಕೆ ಮನುಷ್ಯನೇ ಕಾರಣ ಅಂತ ಹೇಗೆ ಗೊತ್ತು?

2025ರ ಸೆಪ್ಟೆಂಬರ್ 23ರಂದು ಅಮೆರಿಕದ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ವಿಶ್ವಸಂಸ್ಥೆಯಲ್ಲಿ ನಿಂತು, ಹವಾಮಾನ ಬದಲಾವಣೆ ಅನ್ನೋದು ಜಗತ್ತಿನ ಮೇಲೆ ನಡೆದಿರುವ ಅತಿ ದೊಡ್ಡ ಮೋಸ ಎಂದರು. ಆ ವಿಡಿಯೋ ತುಣುಕು ನಮ್ಮ ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಬಂತು. ಹಾಕಿದವರು ಸಕಲೇಶಪುರದ ಚಿಕ್ಕಪ್ಪ. ಕೆಳಗೆ ಒಂದೇ ಸಾಲು: "ನಾನು ಮೊದಲಿಂದ ಹೇಳ್ತಾ ಇರ್ಲಿಲ್ವಾ?"

ಚಿಕ್ಕಪ್ಪ ಬಾಯಿಗೆ ಬಂದಿದ್ದು ಹೇಳುವವರಲ್ಲ. ಕಾಫಿ ತೋಟದವರು. ಅಂಗಳದಲ್ಲಿ ಮಳೆಮಾಪಕ ಇಟ್ಟಿದ್ದಾರೆ. ದಿನಾ ಬೆಳಿಗ್ಗೆ ಕಾಫಿ ಕುಡಿಯೋಕೆ ಮೊದಲು ಅದನ್ನು ನೋಡಿ, ಎಷ್ಟು ಇಂಚು, ಎಷ್ಟು ಸೆಂಟ್ ಅಂತ ಡೈರಿಯಲ್ಲಿ ಬರೆಯುತ್ತಾರೆ. ಅವರಿಗಿಂತ ಮೊದಲು ಅಜ್ಜ ಬರೆಯುತ್ತಿದ್ದರು. "ಮಳೆ ಹೆಚ್ಚುಕಮ್ಮಿ ಆಗೋದು ಅಜ್ಜನ ಡೈರಿಯಲ್ಲೂ ಇದೆ. ಆಗ ಎಷ್ಟು ಕಾರಿತ್ತು, ಎಷ್ಟು ಎ.ಸಿ. ಇತ್ತು?" ಅನ್ನೋದು ಅವರ ವಾದ.

ನ್ಯಾಯವಾದ ಪ್ರಶ್ನೆಯೇ. ಇದಕ್ಕೆ "ವಿಜ್ಞಾನಿಗಳು ಹೇಳಿದ್ದಾರೆ" ಅಂತ ಉತ್ತರ ಕೊಟ್ಟರೆ ಯಾರೂ ಒಪ್ಪಲ್ಲ. ಆ ವಿಜ್ಞಾನಿಗಳಿಗೆ ಅದು ಹೇಗೆ ಗೊತ್ತಾಯಿತು ಅನ್ನೋದನ್ನು ಹೇಳಬೇಕು.

ಒಂದೇ ಪದ, ಎರಡು ಅರ್ಥ

ಅರ್ಧ ಗೊಂದಲ ನಮ್ಮ ಭಾಷೆಯಲ್ಲೇ ಇದೆ. ನಾಳೆ ಮಳೆ ಬರುತ್ತಾ ಅಂತ ಹೇಳುವುದು ಹವಾಮಾನ ಇಲಾಖೆ. ನೂರು ವರ್ಷದಲ್ಲಿ ಆಗಿರುವ ಏರುಪೇರಿಗೂ ಪತ್ರಿಕೆಗಳು ಹವಾಮಾನ ಬದಲಾವಣೆ ಅಂತಲೇ ಬರೆಯುತ್ತವೆ. ಶಾಲೆಯ ಭೂಗೋಳದಲ್ಲಿ ಇವೆರಡಕ್ಕೂ ಬೇರೆ ಬೇರೆ ಪದ ಕಲಿತಿದ್ದೆವು. ಇವತ್ತಿನ ಬಿಸಿಲು, ಮಳೆ, ಗಾಳಿ ಹವಾಮಾನ. ಒಂದು ಊರಿನ ದೀರ್ಘಕಾಲದ ಸ್ವಭಾವ ವಾಯುಗುಣ. ಅದನ್ನು ಸಾಮಾನ್ಯವಾಗಿ 30 ವರ್ಷದ ಸರಾಸರಿಯಿಂದ ಅಳೆಯುತ್ತಾರೆ.

ಚಿಕ್ಕಪ್ಪನ ಡೈರಿಯ ಒಂದು ಪುಟ ಹವಾಮಾನ. ಕಪಾಟಿನಲ್ಲಿ ಸಾಲಾಗಿ ನಿಂತಿರುವ ಮೂವತ್ತು ಡೈರಿ ವಾಯುಗುಣ. ಒಂದು ಪುಟ ತೋರಿಸಿ "ನೋಡಿ, ಭೂಮಿ ಬಿಸಿಯಾಗಿದೆ" ಅನ್ನುವುದೂ ತಪ್ಪು, "ಈ ಸಲ ಬೀದರ್‌ನಲ್ಲಿ ಎಂಥ ಚಳಿ, ಬಿಸಿ ಎಲ್ಲಿದೆ?" ಅನ್ನುವುದೂ ತಪ್ಪು.

ಇಡೀ ಭೂಮಿಯ ಡೈರಿಗಳನ್ನು ಒಟ್ಟಿಗೆ ಇಟ್ಟರೆ ಏನು ಕಾಣುತ್ತೆ? 1850–1900ರ ಕಾಲಕ್ಕೆ ಹೋಲಿಸಿದರೆ 2011–2020ರ ದಶಕ ಸುಮಾರು 1.1 ಡಿಗ್ರಿ ಸೆಲ್ಸಿಯಸ್ ಬಿಸಿ. 2024 ಒಂದೇ ವರ್ಷವನ್ನು ತೆಗೆದುಕೊಂಡರೆ ಏರಿಕೆ 1.5 ಡಿಗ್ರಿ ದಾಟಿದೆ. ಭಾರತದಲ್ಲಿ 1901ರಿಂದ 2018ರವರೆಗೆ ಸುಮಾರು 0.7 ಡಿಗ್ರಿ ಏರಿದೆ. ಒಂದು ಡಿಗ್ರಿ ಏನು ಮಹಾ ಅನಿಸಬಹುದು. ಆದರೆ ಸುಮಾರು 20,000 ವರ್ಷಗಳ ಹಿಂದಿನ ಹಿಮಯುಗದಲ್ಲಿ ಕೆನಡಾದ ಬಹುಪಾಲು ಹಿಮದ ಗಡ್ಡೆಯಡಿ ಇದ್ದಾಗಲೂ ಭೂಮಿಯ ಸರಾಸರಿ ಈಗಿನದಕ್ಕಿಂತ ಐದಾರು ಡಿಗ್ರಿಯಷ್ಟೇ ಕಮ್ಮಿ ಇತ್ತು.

ಬಿಸಿ ಆಗಿದೆ ಅನ್ನುವುದರಲ್ಲಿ ಈಗ ತಕರಾರು ಅಷ್ಟಾಗಿ ಇಲ್ಲ. ತಕರಾರು ಇರುವುದು ಯಾರಿಂದ ಅನ್ನುವುದರಲ್ಲಿ.

ಗಾಳಿ ಎಂಬ ಕಂಬಳಿ

ಸೂರ್ಯನ ಬೆಳಕು ಗಾಳಿಯನ್ನು ದಾಟಿ ನೆಲಕ್ಕೆ ಬೀಳುತ್ತೆ. ನೆಲ ಬಿಸಿಯಾಗುತ್ತೆ. ಆ ಬಿಸಿ ಕಣ್ಣಿಗೆ ಕಾಣದ ಶಾಖವಾಗಿ ವಾಪಸ್ ಮೇಲಕ್ಕೆ ಹೋಗುತ್ತೆ. ಸಂಜೆ ಆರಕ್ಕೆ ತಾರಸಿಯ ಮೇಲೆ ಬರಿಗಾಲಲ್ಲಿ ನಿಂತರೆ ಅಂಗಾಲಿಗೆ ತಟ್ಟುತ್ತಲ್ಲ, ಅದೇ ಶಾಖ. ಗಾಳಿಯಲ್ಲಿರುವ ಕೆಲವು ಅನಿಲಗಳು ಬೆಳಕನ್ನು ಒಳಗೆ ಬಿಡುತ್ತವೆ, ಆದರೆ ವಾಪಸ್ ಹೋಗುವ ಶಾಖವನ್ನು ಹಿಡಿದುಕೊಳ್ಳುತ್ತವೆ. ಇವಕ್ಕೆ ಹಸಿರುಮನೆ ಅನಿಲಗಳು ಅಂತ ಹೆಸರು. ನೀರಾವಿ, ಇಂಗಾಲದ ಡೈಆಕ್ಸೈಡ್, ಮೀಥೇನ್ ಇವುಗಳಲ್ಲಿ ಮುಖ್ಯವಾದವು. ಇವು ಕೆಟ್ಟವಲ್ಲ. ಇವು ಇಲ್ಲದಿದ್ದರೆ ಭೂಮಿಯ ಸರಾಸರಿ ಮೈನಸ್ 18 ಡಿಗ್ರಿ ಇರುತ್ತಿತ್ತು. ಈಗ ಇರುವುದು ಸುಮಾರು 15.

ಇದು ಇತ್ತೀಚಿನ ರಾಜಕೀಯದಲ್ಲಿ ಹುಟ್ಟಿದ ಕತೆ ಅಂತ ತುಂಬಾ ಜನ ಅಂದುಕೊಂಡಿದ್ದಾರೆ. 1856ರಲ್ಲಿ, ಅಂದರೆ ನಮ್ಮಲ್ಲಿ ಸಿಪಾಯಿ ದಂಗೆಗೆ ಒಂದು ವರ್ಷ ಮೊದಲು, ಅಮೆರಿಕದ ಯೂನಿಸ್ ಫೂಟ್ ಎಂಬ ಮಹಿಳೆ ಗಾಜಿನ ಕೊಳವೆಗಳಲ್ಲಿ ಬೇರೆ ಬೇರೆ ಅನಿಲ ತುಂಬಿ, ಒಳಗೆ ಥರ್ಮಾಮೀಟರ್ ಇಟ್ಟು ಬಿಸಿಲಿಗೆ ಇಟ್ಟರು. ಇಂಗಾಲದ ಡೈಆಕ್ಸೈಡ್ ಇದ್ದ ಕೊಳವೆ ಎಲ್ಲಕ್ಕಿಂತ ಜಾಸ್ತಿ ಕಾಯಿತು, ತಣ್ಣಗಾಗಲು ಜಾಸ್ತಿ ಹೊತ್ತು ತೆಗೆದುಕೊಂಡಿತು. ಗಾಳಿಯಲ್ಲಿ ಈ ಅನಿಲ ಹೆಚ್ಚಿದ್ದರೆ ಭೂಮಿಯೂ ಬಿಸಿ ಇರುತ್ತಿತ್ತು ಅಂತ ಅವರು ಬರೆದರು. ಆ ಪ್ರಬಂಧವನ್ನು ವಿಜ್ಞಾನಿಗಳ ಸಭೆಯಲ್ಲಿ ಓದಿದ್ದು ಮಾತ್ರ ಒಬ್ಬ ಗಂಡಸು. ಮೂರು ವರ್ಷದ ನಂತರ ಜಾನ್ ಟಿಂಡಲ್ ಶಾಖವನ್ನೇ ಬೇರೆ ಮಾಡಿ ಅಳೆದು ಇದನ್ನು ಪಕ್ಕಾ ಮಾಡಿದರು.

1896ರಲ್ಲಿ ಸ್ವೀಡನ್ನಿನ ಸ್ವಾಂಟೆ ಅರೇನಿಯಸ್ ಕೈಯಲ್ಲೇ ಲೆಕ್ಕ ಹಾಕಿ, ಗಾಳಿಯಲ್ಲಿ ಈ ಅನಿಲ ಎರಡರಷ್ಟಾದರೆ ಐದಾರು ಡಿಗ್ರಿ ಬಿಸಿ ಏರುತ್ತೆ ಎಂದರು. ಕಲ್ಲಿದ್ದಲು ಸುಡುವುದರಿಂದ ಹಾಗಾಗಬಹುದು ಅಂತಲೂ ಹೊಳೆದಿತ್ತು. ಅದಕ್ಕೆ ಸಾವಿರಾರು ವರ್ಷ ಬೇಕು ಅಂದುಕೊಂಡಿದ್ದರು. ಚಳಿ ದೇಶದವರು, ಅವರಿಗೆ ಅದು ಒಳ್ಳೆಯ ಸುದ್ದಿಯೇ. ಮನುಷ್ಯ ಭೂಮಿಯನ್ನು ಬಿಸಿ ಮಾಡಬಲ್ಲ ಅಂತ ಮೊದಲು ಹೇಳಿದವರು ಹೆದರಿಸಲು ಹೊರಟವರಲ್ಲ ಅನ್ನೋದು ನನಗೆ ಮಜಾ ಅನಿಸುವ ಸಂಗತಿ.

ಚಿಕ್ಕಪ್ಪನ ಎರಡನೇ ಬಾಣ: "ಗಾಳಿಯಲ್ಲಿ ಅದು ಇರೋದೇ 0.04 ಪರ್ಸೆಂಟ್. ಅಷ್ಟರಿಂದ ಏನಾಗುತ್ತೆ?" ಬಿಳಿ ಬಟ್ಟೆಗೆ ನೀಲಿ ಹಾಕಿದ್ದನ್ನು ನೋಡಿದ್ದೀರಲ್ವಾ. ಒಂದು ಬಕೆಟ್ ನೀರಿಗೆ ಕೆಲವೇ ಹನಿ. ನೀರಿಗೆ ಬಣ್ಣವೇ ಇಲ್ಲ, ಹಾಗಾಗಿ ಬಕೆಟಿನಲ್ಲಿ ಕಾಣುವ ಬಣ್ಣವೆಲ್ಲ ಆ ಹನಿಗಳದ್ದೇ. ಗಾಳಿಯ ಕತೆಯೂ ಇದೇ. ನೂರಕ್ಕೆ 99 ಪಾಲು ಇರುವ ಸಾರಜನಕ ಮತ್ತು ಆಮ್ಲಜನಕ ಶಾಖದ ಮಟ್ಟಿಗೆ ಬಣ್ಣವಿಲ್ಲದ ನೀರಿದ್ದಂತೆ. ಶಾಖವನ್ನು ಹಿಡಿಯುವ ಕೆಲಸವೆಲ್ಲ ಉಳಿದ ಚೂರುಪಾರಿನದ್ದು.

ಆ ಚೂರು ಎಷ್ಟು ಸಣ್ಣದಿರಬಹುದು ಅನ್ನುವುದಕ್ಕೆ ಬೆಂಗಳೂರಿಗೆ ಸಂಬಂಧಪಟ್ಟ ಒಂದು ಪ್ರಸಂಗವಿದೆ. ವೀರಭದ್ರನ್ ರಾಮನಾಥನ್ ಎಂಬ ಯುವಕ ಸಿಕಂದರಾಬಾದ್‌ನಲ್ಲಿ ಫ್ರಿಡ್ಜ್ ತಯಾರಿಸುವ ಕಡೆ ಕೆಲಸಕ್ಕಿದ್ದರು. ಫ್ರಿಡ್ಜಿನಿಂದ ತಂಪುಕಾರಕ ಅನಿಲ ಯಾಕೆ ಸೋರುತ್ತಿದೆ ಅಂತ ಹುಡುಕುವುದು ಅವರ ಕೆಲಸ. ಬೇಜಾರಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಓದಲು ಬಂದರು, ಅಲ್ಲಿಂದ ಅಮೆರಿಕಕ್ಕೆ ಹೋದರು. 1975ರಲ್ಲಿ ಅವರು ತೋರಿಸಿದ್ದೇನೆಂದರೆ, ಸಿ.ಎಫ್.ಸಿ. ಎಂಬ ಅದೇ ಜಾತಿಯ ಅನಿಲದ ಒಂದು ಅಣು ಇಂಗಾಲದ ಡೈಆಕ್ಸೈಡಿನ ಸುಮಾರು 10,000 ಅಣುಗಳಷ್ಟು ಶಾಖ ಹಿಡಿಯಬಲ್ಲದು.

ಸಂಪಿನ ಲೆಕ್ಕ

1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿ ದ್ವೀಪದ ಮೌನಾ ಲೋವಾ ಬೆಟ್ಟದ ಮೇಲೆ ಗಾಳಿಯನ್ನು ಅಳೆಯಲು ಶುರುಮಾಡಿದರು. ಸುತ್ತ ಸಾವಿರಾರು ಕಿಲೋಮೀಟರ್ ಸಮುದ್ರ. ಕಾರ್ಖಾನೆ ಹೊಗೆಯ ಕಾಟ ಇಲ್ಲ. ಆಗ ಹತ್ತು ಲಕ್ಷ ಗಾಳಿ ಅಣುಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 315 ಇತ್ತು. 2024ರ ಸರಾಸರಿ 424ರ ಆಸುಪಾಸು. ಕಾರ್ಖಾನೆಗಳ ಕಾಲಕ್ಕೆ ಮೊದಲು ಎಷ್ಟಿತ್ತು ಅಂತ ಗೊತ್ತಾಗುವುದು ಅಂಟಾರ್ಕ್ಟಿಕಾದ ಹಿಮದಿಂದ. ಹಿಮ ಹೆಪ್ಪುಗಟ್ಟುವಾಗ ಆ ಕಾಲದ ಗಾಳಿ ಸಣ್ಣ ಗುಳ್ಳೆಗಳಾಗಿ ಒಳಗೆ ಸಿಕ್ಕಿಕೊಳ್ಳುತ್ತೆ. ಆಳಕ್ಕೆ ಕೊರೆದು ತೆಗೆದರೆ ಎಂಟು ಲಕ್ಷ ವರ್ಷ ಹಿಂದಿನ ಗಾಳಿಯೂ ಸಿಗುತ್ತೆ. 1750ರ ಹೊತ್ತಿಗೆ ಅದು ಸುಮಾರು 280 ಇತ್ತು. ಆ ಎಂಟು ಲಕ್ಷ ವರ್ಷದಲ್ಲಿ 300ರ ಗಡಿಯನ್ನು ಸರಿಯಾಗಿ ದಾಟಿದ್ದೇ ಇಲ್ಲ.

ಇಲ್ಲೊಂದು ಜಾಣ ಪ್ರಶ್ನೆ ಬರುತ್ತೆ. ಕಾಡು, ಮಣ್ಣು, ಸಮುದ್ರ ಬಿಡುವ ಇಂಗಾಲದ ಮುಂದೆ ನಾವು ಬಿಡುವುದು ಇಪ್ಪತ್ತರಲ್ಲಿ ಒಂದು ಪಾಲು ಮಾತ್ರ. ಮತ್ತೆ ತಪ್ಪು ನಮ್ಮದು ಹೇಗಾಗುತ್ತೆ?

ಮನೆಯ ಸಂಪನ್ನು ನೆನೆಸಿಕೊಳ್ಳಿ. ದಿನಾ 200 ಬಿಂದಿಗೆ ನೀರು ಒಳಗೆ ಬರುತ್ತೆ, 200 ಬಿಂದಿಗೆ ಖರ್ಚಾಗುತ್ತೆ. ಮಟ್ಟ ಹಾಗೇ ಇರುತ್ತೆ. ಈಗ ಯಾರೋ ಪಕ್ಕದಿಂದ ಪೈಪು ಎಳೆದು ದಿನಾ 10 ಬಿಂದಿಗೆ ಸೇರಿಸಲು ಶುರುಮಾಡಿದರು. ನೀವು ಖರ್ಚು ಸ್ವಲ್ಪ ಹೆಚ್ಚಿಸಿ ಅದರಲ್ಲಿ ಐದನ್ನು ಬಳಸಿಕೊಂಡಿರಿ. ಆದರೂ ದಿನಾ ಐದು ಬಿಂದಿಗೆ ಉಳಿಯುತ್ತೆ. ತುಂಬಿ ಹರಿಯುವ ದಿನ 200ರ ನಲ್ಲಿಯನ್ನು ಬೈಯ್ಯೋಕಾಗುತ್ತಾ?

ಭೂಮಿಯ ಲೆಕ್ಕವೂ ಹೆಚ್ಚುಕಮ್ಮಿ ಇದೇ. ನಿಸರ್ಗ ಬಿಡುವಷ್ಟನ್ನು ನಿಸರ್ಗವೇ ಹೀರಿಕೊಳ್ಳುತ್ತಿತ್ತು. ಈಗ ನಮ್ಮ ಕಲ್ಲಿದ್ದಲು, ಪೆಟ್ರೋಲು, ಗ್ಯಾಸು, ಸಿಮೆಂಟಿನಿಂದ ವರ್ಷಕ್ಕೆ ಸುಮಾರು 3,700 ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತಿದೆ. ಗಾಳಿಯಲ್ಲಿ ಏರುತ್ತಿರುವುದು ನಾವು ಬಿಟ್ಟಿದ್ದರ ಅರ್ಧದಷ್ಟು ಮಾತ್ರ. ಉಳಿದರ್ಧವನ್ನು ಸಮುದ್ರ ಮತ್ತು ಕಾಡು ನುಂಗುತ್ತಿವೆ. ಏರಿಕೆಗೆ ನಿಸರ್ಗವೇ ಕಾರಣವಾಗಿದ್ದರೆ, ಗಾಳಿಯಲ್ಲಿ ನಾವು ಬಿಟ್ಟಿದ್ದಕ್ಕಿಂತ ಜಾಸ್ತಿ ಸೇರಬೇಕಿತ್ತು.

ಇಂಗಾಲದ ಮೇಲಿನ ಗುರುತು

ನನ್ನ ಪ್ರಕಾರ ಇಡೀ ವಾದದಲ್ಲಿ ಗಟ್ಟಿ ಸಾಕ್ಷಿ ಇದು. ಇದರ ಬಗ್ಗೆ ಮಾತು ಮಾತ್ರ ಕಮ್ಮಿ.

ಇಂಗಾಲದಲ್ಲಿ ಮೂರು ಬಗೆ ಇದೆ. ಇಂಗಾಲ-12 ಹಗುರ. ಇಂಗಾಲ-13 ಸ್ವಲ್ಪ ಭಾರ. ಇಂಗಾಲ-14 ಇನ್ನೂ ಭಾರ, ಮತ್ತೆ ಅದು ನಿಧಾನವಾಗಿ ಕರಗಿಹೋಗುತ್ತೆ. ಪ್ರತಿ 5,730 ವರ್ಷಕ್ಕೆ ಅರ್ಧಕ್ಕರ್ಧ ಮಾಯ. ಆಕಾಶದ ಎತ್ತರದಲ್ಲಿ ಹೊಸದಾಗಿ ಹುಟ್ಟುತ್ತಿರುವುದರಿಂದ ಗಾಳಿಯಲ್ಲಿ ಮತ್ತು ಜೀವವಿರುವ ಎಲ್ಲದರಲ್ಲೂ ಅದು ಒಂಚೂರು ಇದ್ದೇ ಇರುತ್ತೆ. ಕಲ್ಲಿದ್ದಲು ಕೋಟ್ಯಂತರ ವರ್ಷ ನೆಲದೊಳಗೆ ಇದ್ದದ್ದು. ಅದರಲ್ಲಿ ಇಂಗಾಲ-14 ಪೂರ್ತಿ ಖಾಲಿ.

ಹಾಗಾದರೆ ಗಾಳಿಗೆ ಸೇರುತ್ತಿರುವುದು ಹಳೆಯ ಕಲ್ಲಿದ್ದಲಿನ ಇಂಗಾಲವಾದರೆ, ಗಾಳಿಯಲ್ಲಿ ಇಂಗಾಲ-14ರ ಪಾಲು ತೆಳುವಾಗಬೇಕು. ಹಾಲಿಗೆ ನೀರು ಬೆರೆಸಿದ ಹಾಗೆ. 1950ರ ದಶಕದಲ್ಲಿ ಹಾನ್ಸ್ ಸೂಸ್ ಮರಗಳ ಉಂಗುರಗಳನ್ನು ಪರೀಕ್ಷೆ ಮಾಡಿ ನೋಡಿದಾಗ ಹಾಗೇ ಆಗಿತ್ತು. ಹಳೆಯ ಉಂಗುರಕ್ಕಿಂತ ಹೊಸ ಉಂಗುರದಲ್ಲಿ ಇಂಗಾಲ-14 ಕಮ್ಮಿ.

ಇದು ಜ್ವಾಲಾಮುಖಿಯ ಇಂಗಾಲ ಇರಬಾರದಾ? ಅದೂ ಹಳೆಯದೇ, ಅದರಲ್ಲೂ 14 ಇಲ್ಲ. ಇಲ್ಲಿ ಇಂಗಾಲ-13 ನೆರವಿಗೆ ಬರುತ್ತೆ. ಗಿಡಗಳಿಗೆ ಹಗುರ ಇಂಗಾಲ ಅಂದರೆ ಇಷ್ಟ. 12ನ್ನು ಆರಿಸಿಕೊಂಡು 13ನ್ನು ಆದಷ್ಟು ಬಿಡುತ್ತವೆ. ಕಲ್ಲಿದ್ದಲು ಅಂದರೆ ಹಳೆಯ ಗಿಡಮರ, ಪೆಟ್ರೋಲ್ ಅಂದರೆ ಹಳೆಯ ಸಮುದ್ರಪಾಚಿಯಂಥ ಜೀವಿಗಳು. ಎರಡರಲ್ಲೂ 13 ಕಮ್ಮಿ. ಜ್ವಾಲಾಮುಖಿಯ ಇಂಗಾಲದಲ್ಲಿ ಆ ಕೊರತೆ ಇಲ್ಲ. ಗಾಳಿಯಲ್ಲಿ 13ರ ಪಾಲು ದಶಕಗಳಿಂದ ಇಳಿಯುತ್ತಲೇ ಇದೆ. ಲೆಕ್ಕದಲ್ಲೂ ಜ್ವಾಲಾಮುಖಿಗಳು ಬಿಡುವುದು ಮನುಷ್ಯ ಬಿಡುವುದರ ನೂರರಲ್ಲಿ ಒಂದು ಪಾಲಿನ ಆಸುಪಾಸು.

ಸರಿ, ಸಮುದ್ರ ಬಿಸಿಯಾಗಿ ತಾನೇ ಅನಿಲ ಬಿಡುತ್ತಿದ್ದರೆ? ಬಿಸಿಲಿಗಿಟ್ಟ ಸೋಡಾ ಬಾಟಲಿಯ ಹಾಗೆ? ಇದಕ್ಕೂ ಪರೀಕ್ಷೆ ಇದೆ. ಏನನ್ನು ಸುಟ್ಟರೂ ಆಮ್ಲಜನಕ ಖರ್ಚಾಗುತ್ತೆ. ಸೋಡಾ ಬುರುಗಿಗೆ ಆಮ್ಲಜನಕ ಬೇಕಿಲ್ಲ. ಚಾರ್ಲ್ಸ್ ಕೀಲಿಂಗ್ ಅವರ ಮಗ ರಾಲ್ಫ್ ಕೀಲಿಂಗ್ ಗಾಳಿಯ ಆಮ್ಲಜನಕವನ್ನು ಅತಿ ಸೂಕ್ಷ್ಮವಾಗಿ ಅಳೆಯುವ ವಿಧಾನ ಕಂಡುಹಿಡಿದರು. ಅದು ವರ್ಷ ವರ್ಷ ಇಳಿಯುತ್ತಿದೆ. ಉಸಿರಾಟಕ್ಕೆ ತೊಂದರೆ ಆಗುವಷ್ಟಲ್ಲ, ಆದರೆ ಸುಡುವಿಕೆಯ ಲೆಕ್ಕಕ್ಕೆ ಹೊಂದುವಷ್ಟು. ಸಮುದ್ರದ ನೀರಿನಲ್ಲೂ ಇಂಗಾಲ ಕಮ್ಮಿಯಾಗುತ್ತಿಲ್ಲ, ಜಾಸ್ತಿಯಾಗುತ್ತಿದೆ.

ಸೂರ್ಯನ ಕೆಲಸ ಇರಬಹುದಲ್ವಾ?

ಅನುಮಾನ ಪಡುವುದಾದರೆ ಮೊದಲು ಸೂರ್ಯನ ಮೇಲೇ ಪಡಬೇಕು. 1978ರಿಂದ ಉಪಗ್ರಹಗಳು ಸೂರ್ಯನ ಶಕ್ತಿಯನ್ನು ನೇರವಾಗಿ ಅಳೆಯುತ್ತಿವೆ. 11 ವರ್ಷಕ್ಕೊಮ್ಮೆ ಅದು ನೂರಕ್ಕೆ 0.1ರಷ್ಟು ಏರಿ ಇಳಿಯುತ್ತೆ. ಭೂಮಿ ಜಾಸ್ತಿ ಬಿಸಿಯಾದ ಈ ದಶಕಗಳಲ್ಲಿ ಸೂರ್ಯನದ್ದು ಏರುಮುಖವೇ ಇಲ್ಲ.

ಇನ್ನೊಂದು ಸುಳಿವು ನಮ್ಮ ತಲೆಯ ಮೇಲೇ ಇದೆ. ಮಲೆನಾಡಿನ ಚಳಿಯಲ್ಲಿ ಮಲಗಿದ್ದೀರಿ. ಬೆಚ್ಚಗಾಯಿತು. ಕೋಣೆಯಲ್ಲಿ ಯಾರೋ ಬೆಂಕಿ ಹಾಕಿದ್ದರೆ ಕಂಬಳಿಯ ಒಳಗೂ ಬೆಚ್ಚಗೆ, ಹೊರಗೂ ಬೆಚ್ಚಗೆ. ಇನ್ನೊಂದು ಕಂಬಳಿ ಹೊದಿಸಿದ್ದರೆ ಒಳಗೆ ಬೆಚ್ಚಗೆ, ಹೊರಮೈ ಮೊದಲಿಗಿಂತ ತಣ್ಣಗೆ. ಹೋಲಿಕೆ ಪೂರ್ತಿ ಸರಿಯಲ್ಲ, ದಾರಿ ಮಾತ್ರ ಸರಿ. ಸೂರ್ಯನೇ ಕಾರಣವಾಗಿದ್ದರೆ ಗಾಳಿಯ ಕೆಳಪದರವೂ ಮೇಲ್ಪದರವೂ ಒಟ್ಟಿಗೆ ಬಿಸಿಯಾಗಬೇಕಿತ್ತು. ಅಳೆದರೆ ಸಿಗುವುದು ಬೇರೆ. ಕೆಳಗೆ ಬಿಸಿಯಾಗುತ್ತಿದೆ, ಮೋಡಗಳಾಚೆಯ ಸಮೋಷ್ಣಮಂಡಲ (ಸ್ಟ್ರಾಟೋಸ್ಫಿಯರ್) ತಣ್ಣಗಾಗುತ್ತಿದೆ. ಓಜೋನ್ ತೆಳುವಾಗಿದ್ದೂ ಇದಕ್ಕೆ ಸ್ವಲ್ಪ ಕಾರಣ. ಆದರೆ ಆ ಪದರದ ಮೇಲ್ಭಾಗದ ತಂಪಿಗೆ ಇಂಗಾಲದ ಡೈಆಕ್ಸೈಡೇ ಮುಖ್ಯ ಕಾರಣ.

ಹೀಗೇ ಆಗುತ್ತೆ ಅಂತ ಸ್ಯೂಕುರೊ ಮನಾಬೆ 1967ರಲ್ಲೇ ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ತೋರಿಸಿದ್ದರು. ಇಂಥ ಕೆಲಸಗಳಿಗಾಗಿ ಅವರಿಗೆ 2021ರಲ್ಲಿ ಭೌತಶಾಸ್ತ್ರದ ನೊಬೆಲ್ ಪ್ರಶಸ್ತಿಯಲ್ಲಿ ಪಾಲು ಸಿಕ್ಕಿತು.

ಹಿಂದೆಯೂ ಬದಲಾಗಿತ್ತಲ್ಲ

ಆಗಿತ್ತು. ಭೂಮಿಯ ಪಥ ಮತ್ತು ವಾಲಿಕೆ ಹತ್ತಾರು ಸಾವಿರ ವರ್ಷಗಳ ಲಯದಲ್ಲಿ ಬದಲಾಗುತ್ತೆ. ಹಿಮಯುಗಗಳು ಬಂದು ಹೋಗಿದ್ದು ಅದರಿಂದ. ಆಗ ಕಾರೂ ಇರಲಿಲ್ಲ, ಎ.ಸಿ.ಯೂ ಇರಲಿಲ್ಲ. ಆದರೆ ಸಿಡಿಲಿನಿಂದ ಕಾಡಿಗೆ ಬೆಂಕಿ ಬಿದ್ದಿದ್ದುಂಟು ಅಂತ ಬೀಡಿಯಿಂದ ಬೀಳೋದೇ ಇಲ್ಲ ಅನ್ನೋಕಾಗಲ್ಲ. ಈ ಸಲದ ಬೆಂಕಿ ಯಾವುದರಿಂದ ಅಂತ ನೋಡಬೇಕಾದರೆ ಆ ಜಾಗಕ್ಕೇ ಹೋಗಬೇಕು. ಕಳೆದ ಹಿಮಯುಗ ಕರಗಿ ಐದಾರು ಡಿಗ್ರಿ ಏರಲು ಹತ್ತು ಸಾವಿರ ವರ್ಷದಷ್ಟು ಹಿಡಿಯಿತು. ಈಗಿನ ಒಂದು ಡಿಗ್ರಿಗೆ ಒಂದೂವರೆ ಶತಮಾನವೂ ಬೇಕಾಗಲಿಲ್ಲ.

ಹಾಗಾದರೆ ಜಗಳ ಎಲ್ಲಿಂದ ಬಂತು?

ಮೊದಮೊದಲು ಅನುಮಾನಕ್ಕೆ ನಿಜವಾಗಿಯೂ ಜಾಗ ಇತ್ತು. ವಿಶ್ವಸಂಸ್ಥೆಯ ಆಶ್ರಯದಲ್ಲಿ 1988ರಲ್ಲಿ ಶುರುವಾದ ಐಪಿಸಿಸಿ ಎಂಬ ಸಮಿತಿ ತಾನೇ ಪ್ರಯೋಗ ಮಾಡುವುದಿಲ್ಲ. ಜಗತ್ತಿನ ಸಂಶೋಧನೆಗಳನ್ನೆಲ್ಲ ಓದಿ ವರದಿ ಕೊಡುತ್ತೆ. ಅದರ ಭಾಷೆ ಹೇಗೆ ಬಿಗಿಯಾಯಿತು ನೋಡಿ. 1995ರಲ್ಲಿ, ಮನುಷ್ಯನ ಪ್ರಭಾವ ಗುರುತಿಸುವಷ್ಟು ಕಾಣುತ್ತಿದೆ. 2007ರಲ್ಲಿ, ಇತ್ತೀಚಿನ ಏರಿಕೆಯ ಬಹುಪಾಲಿಗೆ ಮನುಷ್ಯ ಕಾರಣ ಅನ್ನಲು ನೂರಕ್ಕೆ 90ಕ್ಕೂ ಹೆಚ್ಚು ಸಾಧ್ಯತೆ. 2013ರಲ್ಲಿ 95ಕ್ಕೂ ಹೆಚ್ಚು. 2021ರಲ್ಲಿ, ಅನುಮಾನಕ್ಕೆ ಎಡೆಯೇ ಇಲ್ಲ.

ನಡುವೆ ಎಡವಟ್ಟುಗಳೂ ಆದವು. 2007ರ ವರದಿಯ ಇನ್ನೊಂದು ಭಾಗದಲ್ಲಿ ಹಿಮಾಲಯದ ಹಿಮನದಿಗಳು 2035ರೊಳಗೆ ಮಾಯವಾಗಬಹುದು ಅಂತ ಅಚ್ಚಾಗಿತ್ತು. 2009ರಲ್ಲಿ, ಚಿಕ್ಕಮಗಳೂರಿನಲ್ಲಿ ಹುಟ್ಟಿದ ಜೈರಾಮ್ ರಮೇಶ್ ಪರಿಸರ ಸಚಿವರಾಗಿದ್ದಾಗ, ಭೂವಿಜ್ಞಾನಿ ವಿ.ಕೆ. ರೈನಾ ಅವರ ವರದಿ ಬಿಡುಗಡೆ ಮಾಡಿ ಇದನ್ನು ಪ್ರಶ್ನಿಸಿದರು. ಮರುವರ್ಷ ಐಪಿಸಿಸಿ ತಪ್ಪು ಒಪ್ಪಿಕೊಂಡಿತು. ತಪ್ಪಿದ್ದದ್ದು ಪರಿಣಾಮಗಳ ಭಾಗದಲ್ಲಿ, ಕಾರಣಗಳ ಭಾಗದಲ್ಲಲ್ಲ. ಆದರೆ ಫಾರ್ವರ್ಡ್ ಆಗುವಾಗ ಇಂಥ ವ್ಯತ್ಯಾಸ ಉಳಿಯಲ್ಲ.

ಅನುಮಾನವನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. ಕ್ಯಾಲಿಫೋರ್ನಿಯಾದ ಭೌತವಿಜ್ಞಾನಿ ರಿಚರ್ಡ್ ಮುಲ್ಲರ್‌ಗೆ ಥರ್ಮಾಮೀಟರ್ ಲೆಕ್ಕದ ಮೇಲೇ ನಂಬಿಕೆ ಇರಲಿಲ್ಲ. ಊರುಗಳು ಬೆಳೆದು ಸುತ್ತ ಕಾಂಕ್ರೀಟ್ ಆದರೆ ಥರ್ಮಾಮೀಟರ್ ಜಾಸ್ತಿ ತೋರಿಸೋದು ಸಹಜ ತಾನೇ? ಬೆಂಗಳೂರಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 2024ರ ಏಪ್ರಿಲ್‌ನಲ್ಲಿ ಇಲ್ಲಿ 38 ಡಿಗ್ರಿ ದಾಟಿದ್ದರಲ್ಲಿ ಮುಚ್ಚಿದ ಕೆರೆಗಳದ್ದೂ ಕಡಿದ ಮರಗಳದ್ದೂ ಪಾಲಿದೆ. ಮುಲ್ಲರ್ ಹೊಸದಾಗಿ ತಂಡ ಕಟ್ಟಿ, ಮೂವತ್ತು ಸಾವಿರಕ್ಕೂ ಹೆಚ್ಚು ಕೇಂದ್ರಗಳ ದಾಖಲೆ ಜಾಲಾಡಿದರು. ಹಳ್ಳಿಗಾಡಿನ ಕೇಂದ್ರಗಳನ್ನೇ ಬೇರೆ ಮಾಡಿ ನೋಡಿದರು. ಹಣ ಕೊಟ್ಟವರಲ್ಲಿ ತೈಲೋದ್ಯಮದ ಚಾರ್ಲ್ಸ್ ಕೋಕ್ ಅವರ ಪ್ರತಿಷ್ಠಾನವೂ ಇತ್ತು. ಏರಿಕೆ ನಿಜವೇ ಅಂತ ಬಂತು. 2012ರಲ್ಲಿ ಮುಲ್ಲರ್, ಹೆಚ್ಚುಕಮ್ಮಿ ಪೂರ್ತಿ ಕಾರಣ ಮನುಷ್ಯನೇ ಅಂತ ಪತ್ರಿಕೆಯಲ್ಲಿ ಬರೆದುಕೊಂಡರು.

ಇದರ ಹಿಂದೆ ದುಡ್ಡಿನ ಕತೆಯೂ ಇದೆ. ಎಕ್ಸಾನ್ ಎಂಬ ತೈಲ ಕಂಪನಿಯ ಸ್ವಂತ ವಿಜ್ಞಾನಿಗಳು 1970–80ರ ದಶಕಗಳಲ್ಲಿ ಮಾಡಿದ ಅಂದಾಜುಗಳಲ್ಲಿ ಬಹುಪಾಲು ಸರಿಯಾಗಿಯೇ ಇದ್ದವು ಅಂತ 2023ರ ಒಂದು ವಿಶ್ಲೇಷಣೆ ತೋರಿಸಿತು. ಅದೇ ಕಾಲದ ನಂತರ ಕಂಪನಿ ಹೊರಗೆ ಆಡುತ್ತಿದ್ದದ್ದು ಅನುಮಾನದ ಮಾತು. ಇನ್ನು 2025ರ ಜುಲೈನಲ್ಲಿ ಅಮೆರಿಕದ ಇಂಧನ ಇಲಾಖೆ ಐವರು ಸಂದೇಹವಾದಿ ತಜ್ಞರಿಂದ ವರದಿ ಬರೆಸಿತು. ಸೆಪ್ಟೆಂಬರ್‌ನಲ್ಲಿ ಅದೇ ದೇಶದ ವಿಜ್ಞಾನ ಅಕಾಡೆಮಿಗಳು, ಮನುಷ್ಯ ಬಿಡುವ ಹಸಿರುಮನೆ ಅನಿಲಗಳಿಂದ ಹಾನಿ ಆಗುತ್ತಿರುವುದು ವೈಜ್ಞಾನಿಕ ವಿವಾದವನ್ನು ದಾಟಿದ ಸಂಗತಿ ಎಂದವು. ಟ್ರಂಪ್ ಮಾತಾಡಿದ್ದು ಅದರ ಮುಂದಿನ ವಾರ.

ಇನ್ನೂ ಬಗೆಹರಿಯದ್ದು

ವಿಜ್ಞಾನಿಗಳು ಈಗಲೂ ಜಗಳ ಆಡುವುದು ಎಷ್ಟು, ಎಲ್ಲಿ, ಯಾವಾಗ ಅನ್ನುವುದರ ಮೇಲೆ. ಭಾರತದ ಏರಿಕೆ ಜಗತ್ತಿನ ಸರಾಸರಿಗಿಂತ ಕಮ್ಮಿ ಇರುವುದಕ್ಕೆ ನಮ್ಮದೇ ಹೊಗೆ, ಧೂಳು ಬಿಸಿಲನ್ನು ತಡೆಯುತ್ತಿರುವುದೂ ಒಂದು ಕಾರಣ. ಹೊಗೆ ತಿಳಿಯಾದರೆ ಏನು ಅನ್ನುವುದು ಒಂದು ದೊಡ್ಡ ಪ್ರಶ್ನೆ.

ಅದಕ್ಕಿಂತ ದೊಡ್ಡ ತಲೆನೋವು ಮೋಡ. ಕೆಳಗಿನ ದಟ್ಟ ಮೋಡ ಕೊಡೆಯ ಹಾಗೆ ಬಿಸಿಲು ತಡೆಯುತ್ತೆ. ಎತ್ತರದ ತೆಳು ಮೋಡ ಕಂಬಳಿಯ ಹಾಗೆ ಶಾಖ ಹಿಡಿಯುತ್ತೆ. ಭೂಮಿ ಬಿಸಿಯಾದರೆ ಯಾವುದು ಎಷ್ಟು ಹೆಚ್ಚುತ್ತೆ, ಎಷ್ಟು ಕಮ್ಮಿಯಾಗುತ್ತೆ? ಇಂಗಾಲದ ಡೈಆಕ್ಸೈಡ್ ಎರಡರಷ್ಟಾದರೆ 1.5ರಿಂದ 4.5 ಡಿಗ್ರಿ ಏರಬಹುದು ಅಂತ 1979ರಲ್ಲಿ ಅಂದಾಜಿಸಿದ್ದರು. 2021ರ ಹೊತ್ತಿಗೆ ಆ ಅಂದಾಜು 2.5ರಿಂದ 4 ಡಿಗ್ರಿಯೊಳಗೆ ಬಂದಿದೆ. ಅಷ್ಟು ಕಿರಿದಾಗಿಸಲು ನಲವತ್ತು ವರ್ಷ ಬೇಕಾಯಿತು.

ಇಷ್ಟೆಲ್ಲ ಬರೆದು ಕಳಿಸಿದ ಮೇಲೆ ಚಿಕ್ಕಪ್ಪ ಫೋನ್ ಮಾಡಿದರು. ಆಮ್ಲಜನಕದ ವಿಷಯವನ್ನು ಎರಡು ಸಲ ಕೇಳಿಸಿಕೊಂಡರು. ಆಮೇಲೆ, "ಅದೆಲ್ಲ ಇರ್ಲಿ ಮಗ, ಹೂಮಳೆ ಇನ್ನು ಮುಂದೆ ಸರಿಯಾದ ಹೊತ್ತಿಗೆ ಬರುತ್ತಾ, ಅದನ್ನ ಹೇಳು" ಎಂದರು. ಬೇಸಿಗೆಯಲ್ಲಿ ಆ ಒಂದು ಮಳೆ ತಪ್ಪಿದರೆ ಕಾಫಿ ಹೂ ಸರಿಯಾಗಿ ಅರಳಲ್ಲ. ಇಡೀ ವರ್ಷದ ಫಸಲು ಅದರ ಮೇಲೆ ನಿಂತಿದೆ.

ಜಗತ್ತಿನ ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಚೌಕಗಳಾಗಿ ಕತ್ತರಿಸಿಕೊಳ್ಳುತ್ತವೆ. ಬಹಳಷ್ಟು ಮಾದರಿಗಳಲ್ಲಿ ಒಂದು ಚೌಕದ ಬದಿ ಸುಮಾರು 100 ಕಿಲೋಮೀಟರ್. ಸಕಲೇಶಪುರದಿಂದ ಮಂಗಳೂರಿನ ಕಡಲಿಗೆ ಗೆರೆ ಎಳೆದರೂ ಹೆಚ್ಚುಕಮ್ಮಿ ಅಷ್ಟೇ ದೂರ. ಘಟ್ಟದ ಮೇಲಿನ ಚಿಕ್ಕಪ್ಪನ ತೋಟ, ಶಿರಾಡಿಯ ಕಾಡು, ಪಣಂಬೂರಿನ ಮರಳು, ಎಲ್ಲಕ್ಕೂ ಆ ಚೌಕದಲ್ಲಿ ಇರುವುದು ಮಳೆಯ ಒಂದೇ ಅಂಕಿ.